ಆ ಪುಸ್ತಕದಲ್ಲೊಂದು ಸುಳ್ಳಿದೆ

ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಅಕ್ಕ ಒಂದು ವಾಕ್ಯ ಶುರು ಮಾಡಿದರು. ಅದು ಮುಗಿಯಲಿಲ್ಲ. ಸಮಯ ಇಷ್ಟು ಸರಿಯಾಗಿ ನೆನಪಿರುವುದಕ್ಕೆ ಕಾರಣ, ಮೂಡಿಗೆರೆ ಬಸ್ಸಿಗೆ ಹೊತ್ತಾಯಿತೇನೋ ಎಂದು ನಾನು ಆಗಷ್ಟೇ ಮೊಬೈಲ್ ನೋಡಿದ್ದೆ.

ಮಾರ್ಚ್ ತಿಂಗಳು, ಮೆಣಸು ಕೊಯ್ಯುವ ಕಾಲ. ಗೋಣಿಬೀಡಿನಿಂದ ಒಳಗೆ ಹೋಗುವ ರಸ್ತೆಯಲ್ಲಿ ನಮ್ಮ ಮನೆಯ ಎದುರಿಗೇ ಅಕ್ಕನ ನಾಲ್ಕೆಕರೆ ಕಾಫಿ ತೋಟ. ತೋಟದ ತುಂಬ ಸಿಲ್ವರ್ ಓಕ್ ಮರಗಳು, ಅವಕ್ಕೆ ಹಬ್ಬಿಸಿದ ಮೆಣಸಿನ ಬಳ್ಳಿಗಳು. ಅವರಲ್ಲಿ ಬಹಳ ವರ್ಷದಿಂದ ಕೆಲಸಕ್ಕಿದ್ದ ಸುಂದರಣ್ಣ ಒಂದು ಮರ ಮುಗಿಸಿ ಇಳಿದು, ಉದ್ದನೆಯ ಅಲ್ಯೂಮಿನಿಯಂ ಏಣಿಯನ್ನು ಪಕ್ಕದ ಮರಕ್ಕೆ ಒಯ್ಯುತ್ತಿದ್ದರು. ಏಣಿ ಮಲಗಿಸಿ ಹೊತ್ತರೆ ಕೆಳಗಿನ ಕಾಫಿ ಗಿಡಗಳ ರೆಂಬೆ ಮುರಿಯುತ್ತವೆ, ಮುಂದಿನ ವರ್ಷದ ಫಸಲು ಹೋಗುತ್ತದೆ. ಅದಕ್ಕೇ ನಮ್ಮ ಕಡೆ ಎಲ್ಲರೂ ಅದನ್ನು ನೆಟ್ಟಗೆ ನಿಲ್ಲಿಸಿಕೊಂಡೇ ಸಾಗಿಸುತ್ತಾರೆ. ಒಬ್ಬರು ನಡು ಹಿಡಿದರೆ ಇನ್ನೊಬ್ಬರು ಬುಡ ಹಿಡಿಯಬೇಕು. ಬುಡ ಹಿಡಿಯುವವನು ಅವತ್ತು ನೆಂಟರ ಮದುವೆಗೆ ಹೋಗಿದ್ದ. ಅಕ್ಕನೇ ಹಿಡಿದಿದ್ದರು. ಹಿಂದಿನ ದಿನ ಸ್ಪ್ರಿಂಕ್ಲರ್ ಓಡಿಸಿದ್ದರಿಂದ ನೆಲ ಒದ್ದೆ. ಅವರ ಚಪ್ಪಲಿ ಗಿಡದ ಬುಡದಲ್ಲಿ ಜೋಡಿಸಿಟ್ಟಿತ್ತು.

ನಾನು ಕಾಲುದಾರಿಯಲ್ಲಿ ನಿಂತಿದ್ದೆ. ಅಕ್ಕ ಏಣಿ ಹಿಡಿದುಕೊಂಡೇ ನನ್ನ ಕಡೆ ಮುಖ ತಿರುಗಿಸಿದರು.

"ನೀ ಕೊಟ್ಟ ಪುಸ್ತಕ ಓದಿ ಮುಗೀತು ಮಾರಾಯ್ತಿ. ಅದ್ರಲ್ಲೊಂದು ಶುದ್ಧ ಸುಳ್ಳಿದೆ. ಎಂತ ಅಂದ್ರೆ..."

ಏಣಿಯ ತುದಿ ಹಿಂದಕ್ಕೆ ವಾಲಿತು. ತೋಟದ ಮೇಲೆ ಹಾದು ಹೋಗಿದ್ದ ಕರೆಂಟ್ ತಂತಿ ಎಷ್ಟೋ ದಿನದಿಂದ ಜೋತುಬಿದ್ದಿತ್ತು. ಒಣ ಬಿದಿರು ಸಿಡಿದ ಹಾಗೆ ಒಂದು ಸದ್ದು. ರಬ್ಬರಿನ ಗಮ್ ಬೂಟು ಹಾಕಿದ್ದ ಸುಂದರಣ್ಣ ಗಿಡಗಳ ಮೇಲೆ ಹೋಗಿ ಬಿದ್ದರು. ಅಕ್ಕ ಇದ್ದಲ್ಲೇ ಕುಸಿದರು. ಪಕ್ಕದ ಎಸ್ಟೇಟಿನ ಜೀಪು ಮೂಡಿಗೆರೆ ಮುಟ್ಟುವ ಮೊದಲೇ ಅಕ್ಕ ಇರಲಿಲ್ಲ. ಸುಂದರಣ್ಣ ಉಳಿದರು.

ಇದನ್ನು ನಾನು ಇಷ್ಟು ಕ್ರಮವಾಗಿ ಬರೆಯಬಲ್ಲೆ, ಏಕೆಂದರೆ ಆಮೇಲಿನ ದಿನಗಳಲ್ಲಿ ಇದನ್ನು ಬಿಟ್ಟು ಬೇರೇನನ್ನೂ ನಾನು ನೋಡಲಿಲ್ಲ. ಕಣ್ಣು ಮುಚ್ಚಿದರೆ ಏಣಿಯ ತುದಿ ಬಿಸಿಲಿಗೆ ಹೊಳೆಯುತ್ತಿತ್ತು. ಒಮ್ಮೊಮ್ಮೆ ಮನಸ್ಸಿನಲ್ಲೇ ಅದನ್ನು ಮಲಗಿಸಿ ನೋಡುತ್ತಿದ್ದೆ. ಕಾಫಿ ಗಿಡಗಳು ಲಟಲಟ ಮುರಿಯುತ್ತಿದ್ದವು, ಮುರಿಯಲಿ ಅನ್ನಿಸುತ್ತಿತ್ತು. ಆದರೆ ಪ್ರತಿ ಸಲವೂ ಅದೇ ಮಾತು ಅದೇ ಜಾಗಕ್ಕೆ ಬಂದು ನಿಲ್ಲುತ್ತಿತ್ತು. ಎಂತ ಅಂದ್ರೆ. ಎಂತ?

ಅಕ್ಕ ನನಗೆ ಸಂಬಂಧದಲ್ಲಿ ಅಕ್ಕನಲ್ಲ. ಊರಿಗೆಲ್ಲ ಅವರು ಅಕ್ಕ. ಅರವತ್ತು ದಾಟಿದ್ದರು. ಮಕ್ಕಳಿರಲಿಲ್ಲ. ಗಂಡ ಬಹಳ ದಿನ ಹಾಸಿಗೆ ಹಿಡಿದು ತೀರಿಕೊಂಡಾಗ ನಾನಿನ್ನೂ ಹೈಸ್ಕೂಲಿನಲ್ಲಿದ್ದೆ. ಆ ದಿನಗಳ ಬಗ್ಗೆ ಅವರು ನನ್ನೊಡನೆ ಒಂದು ಮಾತೂ ಆಡಿದವರಲ್ಲ. ಪುಸ್ತಕಗಳ ಬಗ್ಗೆ ಮಾತ್ರ ಬಾಯಿ ಮುಚ್ಚಿದವರಲ್ಲ.

ಅವರು ಓದುತ್ತಿದ್ದುದು ಹೆಚ್ಚಾಗಿ ಪಂಪ್‌ಸೆಟ್ಟಿನ ಪಕ್ಕ. ಕಾಫಿ ಹೂವಾಗಲೆಂದು ಬೇಸಿಗೆಯಲ್ಲಿ ಸ್ಪ್ರಿಂಕ್ಲರ್ ಹಾರಿಸುವಾಗ ಒಂದು ಜಾಗದಲ್ಲಿ ಮೂರು ನಾಲ್ಕು ಗಂಟೆ ನೀರು ಬೀಳಬೇಕು. ಆಮೇಲೆ ಪೈಪು ಬಿಚ್ಚಿ ಮುಂದಿನ ಜಾಗಕ್ಕೆ ಜೋಡಿಸಬೇಕು. ಅದಕ್ಕೆ ಒಂದು ಶಿಫ್ಟು ಎನ್ನುತ್ತಾರೆ. ನಡುವೆ ಪಂಪ್ ಬಿಟ್ಟು ಹೋಗುವಂತಿಲ್ಲ. ಡೀಸೆಲ್ ಪಂಪಿನ ಆ ಅಬ್ಬರದಲ್ಲಿ ಕಲ್ಲಿನ ಮೇಲೆ ಗೋಣಿಚೀಲ ಹಾಕಿಕೊಂಡು, ಸುತಲಿ ದಾರದಲ್ಲಿ ಕೊರಳಿಗೆ ಕಟ್ಟಿದ ಕನ್ನಡಕ ಏರಿಸಿ ಓದುತ್ತಿದ್ದರು. ಪುಸ್ತಕದ ಉದ್ದವನ್ನು ಪುಟಗಳಲ್ಲಿ ಹೇಳುತ್ತಲೇ ಇರಲಿಲ್ಲ. "ಇದು ಎರಡು ಶಿಫ್ಟಿಂದು," "ಇದು ಇಡೀ ತೋಟ ನೆನೆಸಿದ್ರೂ ಮುಗಿಯಲ್ಲ" ಎನ್ನುತ್ತಿದ್ದರು. ಪಂಪಿನ ಸದ್ದು ಕೇಳಿಸದ ಹಾಗೆ ಓದಿಸಿಕೊಂಡರೆ ಅದು ಪುಸ್ತಕ. ಸದ್ದು ಕೇಳಿಸಿದರೆ ಅಲ್ಲ. ನಾನು ಎರಡು ವರ್ಷ ಓದಿ ಪಡೆದ ಕನ್ನಡ ಎಂ.ಎ. ಯಲ್ಲಿ ಪುಸ್ತಕ ಅಳೆಯಲು ಇದಕ್ಕಿಂತ ಹೆಚ್ಚು ಸಾಮಾನು ಸಿಕ್ಕಿತ್ತು, ನಿಜ. ಆದರೆ ಅದನ್ನು ಅವರ ಮುಂದೆ ತೆಗೆಯಲು ಬಿಡುತ್ತಿರಲಿಲ್ಲ.

"ಅದೆಲ್ಲ ಕ್ಲಾಸಲ್ಲಿ ಹೇಳು, ಸಂಬಳ ಕೊಡ್ತಾರೆ," ಎನ್ನುವರು. "ನಂಗೆ ಇಷ್ಟು ಹೇಳು. ಈ ಕಥೆಲಿ ಅವ್ಳು ಅಷ್ಟು ಜಗಳ ಮಾಡ್ಕೊಂಡು ಹೋದೋಳು ಮನೆ ಬೀಗದ ಕೈ ಯಾಕೆ ಬಿಟ್ಟು ಹೋದ್ಲು?"

"ಅದು ಸಂಕೇತ ಅಕ್ಕ."

"ಎಂತದ್ರ ಸಂಕೇತ? ವಾಪಸ್ ಬಂದ್ರೆ ಹಂಚು ತೆಗ್ದು ಇಳೀತಾಳ?"

ಮುನ್ನುಡಿ ಓದುತ್ತಿರಲಿಲ್ಲ. ಗಂಡಿನ ಕಡೆಯವರು ಗಂಡನ್ನು ಹೊಗಳುವ ಮಾತು ಎಂದು ಹಾರಿಸುತ್ತಿದ್ದರು. ಓದಿದ ಪುಸ್ತಕ ಹಿಡಿಸದಿದ್ದರೆ ಅದನ್ನು ಒಳಗೆ ಸೇರಿಸುತ್ತಿರಲಿಲ್ಲ. ಜಗಲಿಯ ಕಟ್ಟೆಯ ಮೇಲೆ ಬೋರಲು ಮಲಗಿಸುವರು. "ಮೂರು ದಿನ ಹೊರಗಿರ್ಲಿ, ನಾಲ್ಕನೇ ದಿನ ಸ್ನಾನ ಮಾಡ್ಸಿ ಒಳಗೆ ಕರ್ಕೊಳ್ತೀನಿ," ಎಂದು ನಗುವರು. ಕೆಲವು ಪುಸ್ತಕಗಳು ತಿಂಗಳುಗಟ್ಟಲೆ ಹೊರಗಿದ್ದವು. ಅದರಲ್ಲಿ ಎರಡು ಕಾಲೇಜಿನ ಲೈಬ್ರರಿಯವು. ನಾನು ಅತಿಥಿ ಉಪನ್ಯಾಸಕಿ, ವಾಪಸ್ ಕೊಡದಿದ್ದರೆ ನನಗೇ ತೊಂದರೆ ಎಂದು ಎಷ್ಟು ಸಲ ಹೇಳಿದರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಅವರ ಜೊತೆ ಒಡನಾಡುವುದು ಸುಲಭವಿರಲಿಲ್ಲ. ನಾನು ಅರ್ಧ ಓದಿದ್ದ ಕಾದಂಬರಿಯ ಕೊನೆಯನ್ನು ಗೇಟಿನ ಹತ್ತಿರವೇ ಹೇಳಿಬಿಡುತ್ತಿದ್ದರು. ಒಂದು ಸಲ ತೀರ್ಪು ಕೊಟ್ಟರೆ ಮುಗಿಯಿತು, ಅದನ್ನು ಬದಲಿಸುತ್ತಿರಲಿಲ್ಲ. ಪುಸ್ತಕ ತಪ್ಪಿರಬಹುದು, ಲೇಖಕರು ತಪ್ಪಿರಬಹುದು, ನಾನಂತೂ ತಪ್ಪೇ. ಅವರು ಮಾತ್ರ ಅಲ್ಲ.

ಮೂಡಿಗೆರೆಯ ಒಂದು ಕಾರ್ಯಕ್ರಮಕ್ಕೆ ಅವರನ್ನು ಕರೆದುಕೊಂಡು ಹೋಗಿದ್ದೆ. ಕಾದಂಬರಿ ಬರೆದವರೊಬ್ಬರು ಬಂದಿದ್ದರು. ಪ್ರಶ್ನೆ ಕೇಳಿ ಎಂದಾಗ ಅಕ್ಕ ಎದ್ದು ನಿಂತರು. "ನಿಮ್ಮ ಪುಸ್ತಕದಲ್ಲಿ ದಿನಾ ನೆಂಟ್ರು ಬರ್ತಾರೆ, ಊಟ ಮಾಡ್ತಾರೆ. ಅಡುಗೆ ಮಾಡೋರು ಯಾರು?" ಸಭೆ ನಕ್ಕಿತು. ಲೇಖಕರೂ ನಕ್ಕರು. ಅಕ್ಕ ನಗಲಿಲ್ಲ, ಕೂರಲೂ ಇಲ್ಲ. ಉತ್ತರಕ್ಕಾಗಿ ನಿಂತೇ ಇದ್ದರು. ನಾನೇ ಸೆರಗು ಹಿಡಿದು ಕೂರಿಸಿದೆ. ಬಸ್ಸಿನಲ್ಲಿ ಬರುವಾಗ, "ನಗೋದು ಉತ್ತರ ಅಲ್ಲ," ಎಂದಷ್ಟೇ ಹೇಳಿದರು.

ಹಾಗೆಂದು ಪುಸ್ತಕದಲ್ಲಿ ಎಲ್ಲವೂ ಕಂಡ ಹಾಗೇ ಇರಬೇಕು ಎನ್ನುವವರಲ್ಲ. ದೆವ್ವದ ಕಥೆ ಅವರಿಗೆ ಬಹಳ ಇಷ್ಟ. "ದೆವ್ವ ಬರ್ಲಿ, ಬ್ಯಾಡ ಅನ್ನಲ್ಲ. ಆದ್ರೆ ದೆವ್ವ ನೋಡ್ದೋರು ಮಾರನೇ ದಿನ ಹೆಂಗಿರ್ತಾರೆ ಅನ್ನೋದನ್ನ ಸರಿಯಾಗಿ ಬರೀಬೇಕು," ಎನ್ನುತ್ತಿದ್ದರು. ಕಥೆ ಬೇರೆ, ಸುಳ್ಳು ಬೇರೆ. ಕಥೆಗೆ ಏನು ಬೇಕಾದರೂ ಕ್ಷಮಿಸುವರು. ಸುಳ್ಳು ಎಂಬ ಮಾತನ್ನು ಅವರು ಸುಮ್ಮನೆ ಬಳಸುತ್ತಿರಲಿಲ್ಲ. ಬಳಸಿದರೆ ಪುಸ್ತಕ ಜಗಲಿಗೆ.

ಅವರ ತಿಥಿಯ ದಿನ ನಾನು ಕೊಟ್ಟಿದ್ದ ಪುಸ್ತಕ ಜಗಲಿಯ ಕಟ್ಟೆಯ ಮೇಲೆ ಬೋರಲು ಬಿದ್ದಿತ್ತು.

ಚಿಕ್ಕಮಗಳೂರಿನಲ್ಲಿ ಕೊಂಡಿದ್ದು ಅದು. ಹೆಸರು ಹೇಳುವುದಿಲ್ಲ. ನಮ್ಮಂಥದೇ ಬೆಟ್ಟದ ಸೀಮೆ, ಒಂದು ಎಸ್ಟೇಟು, ಗಂಡ ಕಾಯಿಲೆಯಿಂದ ಸಾಯುತ್ತಾನೆ, ಹೆಂಡತಿ ಎಸ್ಟೇಟು ನಡೆಸುತ್ತಾಳೆ, ಹಳೆಯ ಗೆಳೆಯನೊಬ್ಬ ಬರುತ್ತಾನೆ. ನಾನು ಒಂದೇ ದಿನದಲ್ಲಿ ಓದಿ, ಎರಡು ಕಡೆ ಅತ್ತು, "ಇದನ್ನ ನೀವು ಓದ್ಲೇಬೇಕು ಅಕ್ಕ" ಎಂದು ಕೊಟ್ಟಿದ್ದೆ. ಈಗ ಅದನ್ನು ಕೈಗೆತ್ತಿಕೊಂಡು ನಿಂತಿದ್ದೆ. ಪಕ್ಕದಲ್ಲಿ ಇಬ್ಬರು ಎಲೆಯಡಿಕೆ ಹಾಕಿಕೊಂಡು ಮಾತಾಡುತ್ತಿದ್ದರು.

"ಏಣಿ ಹಿಡ್ಕೊಂಡು ಪುಸ್ತಕದ ಮಾತು ಯಾಕೆ ಬೇಕಿತ್ತು?"

"ಆ ಹುಚ್ಚೇ ಅವ್ರನ್ನ ತಿಂತು ನೋಡು."

ನನಗೆ ಮೈಯೆಲ್ಲ ಉರಿಯಿತು. ಅಕ್ಕ ಬದುಕಿನುದ್ದಕ್ಕೂ ಏನನ್ನಾದರೂ ಹಿಡಿದುಕೊಂಡೇ ಮಾತಾಡಿದವರು. ಏಣಿ, ಪೈಪು, ಮೊರ, ಹಸುವಿನ ಹಗ್ಗ. ಮಾತಿನಿಂದ ಯಾರೂ ಸಾಯಲಿಲ್ಲ. ತಂತಿ ಜೋತುಬಿದ್ದಿದೆ ಎಂದು ಅವರು ಕರೆಂಟಿನವರಿಗೆ ಮತ್ತೆ ಮತ್ತೆ ಹೇಳಿದ್ದರು. ಅಕ್ಕ ಸತ್ತ ಮೇಲೆ ಆ ಕರೆಂಟಿನವರು ಬಂದು ಅರ್ಧ ದಿನದಲ್ಲಿ ಎಳೆದು ಕಟ್ಟಿ ಹೋದರು. ಅದನ್ನು ನೋಡಿದ ಇದೇ ಜನ, ಮಾರನೇ ದಿನ ತಮ್ಮ ತೋಟಗಳಲ್ಲಿ ಏಣಿಯನ್ನು ನೆಟ್ಟಗೇ ನಿಲ್ಲಿಸಿಕೊಂಡು ಓಡಾಡುತ್ತಿದ್ದರು. ನಾನು ರಸ್ತೆಯಲ್ಲಿ ನಿಂತು ಕೂಗಿದರೆ, "ಇಲ್ಲಿ ಲೈನಿಲ್ಲ ಟೀಚರ್," ಎಂದು ಮೇಲೆ ನೋಡದೆಯೇ ಹೇಳುತ್ತಿದ್ದರು. ಪುಸ್ತಕವನ್ನು ದೂರುವುದು ಎಲ್ಲರಿಗೂ ಸುಲಭವಾಗಿತ್ತು. ಪುಸ್ತಕವನ್ನು ದೂರಿದರೆ ಏಣಿ ಮಲಗಿಸಬೇಕಾಗಿಲ್ಲ, ರೆಂಬೆ ಮುರಿಯುವ ಭಯವಿಲ್ಲವಲ್ಲ.

ಮನೆಗೆ ತಂದು ಎರಡನೇ ಸಲ ಓದಲು ಕೂತೆ. ನಿದ್ದೆ ಹೇಗೂ ಇರಲಿಲ್ಲ. ಆ ಒಂದು ಸುಳ್ಳು ಯಾವುದೆಂದು ಗೊತ್ತಾದರೆ ವಾಕ್ಯ ಮುಗಿಯುತ್ತದೆ, ಮುಗಿದರೆ ಏಣಿ ಕಣ್ಣ ಮುಂದಿನಿಂದ ಹೋಗುತ್ತದೆ. ಇದು ಯಾವ ಲೆಕ್ಕ ಎಂದು ಯಾರಾದರೂ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಆದರೆ ನಾನು ಅದನ್ನೇ ನಂಬಿಕೊಂಡಿದ್ದೆ.

ಅಕ್ಕ ಪುಸ್ತಕದಲ್ಲಿ ಗೆರೆ ಎಳೆಯುವವರಲ್ಲ, ಹಾಳೆಯ ಮೂಲೆ ಮಡಿಸುವವರಲ್ಲ. ಮೆಣಸು ಬಿಡಿಸಿದ ಕೈಯ ಕಪ್ಪು ಹೆಬ್ಬೆರಳಿನ ಗುರುತು ಮಾತ್ರ ಎಲ್ಲ ಹಾಳೆಗಳಲ್ಲೂ ಒಂದೇ ಸಮನೆ ಇತ್ತು. ಅದರಿಂದ ಏನೂ ತಿಳಿಯಲಿಲ್ಲ.

ಆದರೆ ಸುಳ್ಳುಗಳು ಸಿಗತೊಡಗಿದವು. ಕಾದಂಬರಿಯಲ್ಲಿ ಜೂನ್ ತಿಂಗಳಲ್ಲಿ ಮೆಣಸು ಕೊಯ್ಯುತ್ತಾರೆ. ದೇವರಮನೆ ಬೆಟ್ಟದಲ್ಲಿ ಕಾಫಿ ಕುಡಿದು ಜೀಪು ಹತ್ತಿದವರು ಆ ಕಾಫಿಯ ಬಿಸಿ ನಾಲಿಗೆಯಿಂದ ಆರುವ ಮೊದಲೇ, ಗಂಟೆಗಟ್ಟಲೆ ದೂರದ ಕುದುರೆಮುಖದಲ್ಲಿ ಇಳಿಯುತ್ತಾರೆ. ನಾಯಿಯೊಂದು ಮೊದಲ ಅಧ್ಯಾಯದಲ್ಲಿ ಬೊಗಳಿ, ಆಮೇಲೆ ಎಲ್ಲಿ ಹೋಯಿತೋ ಯಾರೂ ಕೇಳುವುದಿಲ್ಲ. ತೋಟದ ಆಳುಗಳು ಇಡೀ ಪುಸ್ತಕದಲ್ಲಿ ಒಮ್ಮೆಯೂ ರಜ ಕೇಳುವುದಿಲ್ಲ, ಮುಂಗಡ ಕೇಳುವುದಿಲ್ಲ, ಒಬ್ಬರನ್ನೊಬ್ಬರು ತಮಾಷೆ ಮಾಡುವುದಿಲ್ಲ. ಒಟ್ಟಾಗಿ ನಿಂತು ಕಣ್ಣೀರು ಹಾಕುತ್ತಾರೆ. ಇಷ್ಟೆಲ್ಲ ಮೊದಲ ಓದಿನಲ್ಲಿ ನನಗೆ ಹೇಗೆ ಕಾಣಲಿಲ್ಲ? ಬೆಟ್ಟ, ಮಂಜು, ಒಂಟಿ ಹೆಣ್ಣು. ಇಷ್ಟಕ್ಕೇ ನಾನು ಕರಗಿದ್ದೆನಲ್ಲ ಎಂದು ಸಿಟ್ಟು ಬಂತು. ಈ ಬೆಟ್ಟಗಳ ಬಗ್ಗೆ ಬರೆಯುವವರಿಗೆ ಇಲ್ಲಿನ ಭಯ ಬೇಡ, ಮಂಜು ಸಾಕು. ಅಲ್ಯೂಮಿನಿಯಂ ಏಣಿ ಬಂದಿರುವ ಒಂದು ಕಾದಂಬರಿಯನ್ನೂ ನಾನು ಓದಿಲ್ಲ.

ಮೂರನೇ ಓದಿನ ಹೊತ್ತಿಗೆ ಸುಳ್ಳುಗಳು ಎಷ್ಟಾದವೆಂದರೆ ಸಮಸ್ಯೆ ತಿರುಗಾಮುರುಗಾ ಆಯಿತು. ಅಕ್ಕ ಹೇಳಿದ್ದು "ಒಂದು" ಸುಳ್ಳು. ಜೂನ್ ತಿಂಗಳ ಮೆಣಸಿಗೆ ಅವರು ನಗುತ್ತಿದ್ದರು, ಜಗಲಿಗೆ ಹಾಕುತ್ತಿರಲಿಲ್ಲ. ಹಾಗಾದರೆ ಯಾವುದು? ಒಂದೊಂದನ್ನೇ ಅವರ ದನಿಯಲ್ಲಿ ಹೇಳಿಕೊಂಡು ನೋಡಿದೆ. "ಎಂತ ಅಂದ್ರೆ, ಆ ನಾಯಿ..." ಅಲ್ಲ. "ಎಂತ ಅಂದ್ರೆ, ಆ ಗೆಳೆಯ..." ಅಲ್ಲ. ಯಾವುದೂ ಕೂರಲಿಲ್ಲ. ಸತ್ತವರ ಮೇಲೆ ಸಿಟ್ಟು ಮಾಡಬಾರದು, ಆದರೆ ನನಗೆ ಬಂತು. ತೀರ್ಪು ಮೊದಲು ಹೇಳಿ ಕಾರಣ ಆಮೇಲೆ ಹೇಳುವ ಅವರ ಚಾಳಿ ಅದು. ಕೇಳುವವರು ಕಾಯಬೇಕು. ಕಾರಣ ಮೊದಲು ಹೇಳುವ ಅಭ್ಯಾಸವಿದ್ದಿದ್ದರೆ ಇವತ್ತು ನಾನು ಹೀಗೆ ಕೂರಬೇಕಾಗಿರಲಿಲ್ಲ.

ಇಡೀ ಪುಸ್ತಕದಲ್ಲಿ ನನಗೆ ನಿಜ ಅನ್ನಿಸಿದ್ದು ಒಂದೇ ಅಧ್ಯಾಯ. ಗಂಡ ಸತ್ತ ರಾತ್ರಿ ಹೆಂಡತಿಗೆ ನಿದ್ದೆ ಬರುವುದಿಲ್ಲ. ಅಲ್ಲಿಂದ ಮುಂದೆ ಎಷ್ಟೋ ರಾತ್ರಿ ಅವಳು ಕಿಟಕಿಯ ಹತ್ತಿರ ಕೂತು ಬೆಳಗು ಮಾಡುತ್ತಾಳೆ. ಮೊದಲ ಓದಿನಲ್ಲಿ ಅತ್ತದ್ದು ಅಲ್ಲಿಯೇ. ಈಗ ನನ್ನದೂ ಅದೇ ಸ್ಥಿತಿ. ನಾಲ್ಕನೇ ಓದಿನಲ್ಲಿ ಆ ಅಧ್ಯಾಯದ ಪಕ್ಕ ಪೆನ್ಸಿಲಿನಿಂದ ಗೆರೆ ಎಳೆದು, ಇದೊಂದನ್ನು ಬಿಟ್ಟು ಉಳಿದದ್ದೆಲ್ಲ ಸುಳ್ಳು ಎಂದು ಪುಸ್ತಕ ಮುಚ್ಚಿಟ್ಟೆ.

ಸುಂದರಣ್ಣ ಬಹಳ ದಿನ ಮಂಗಳೂರಿನ ಆಸ್ಪತ್ರೆಯಲ್ಲಿದ್ದು, ಅಲ್ಲಿಂದ ಕಳಸದಲ್ಲಿ ಮಗಳ ಮನೆಗೆ ಬಂದಿದ್ದಾರೆಂದು ಗೊತ್ತಾಯಿತು. ಹೋಗಬೇಕು ಎಂದುಕೊಳ್ಳುತ್ತಲೇ ದಿನ ತಳ್ಳಿದೆ. ಅವರ ಕೈ ನೋಡಲು ಹೆದರಿಕೆ. ಜೂನ್ ಮೊದಲ ಭಾನುವಾರ ಕಿತ್ತಳೆ ಹಣ್ಣು ತೆಗೆದುಕೊಂಡು ಬಸ್ ಹತ್ತಿದೆ. ಕೊಟ್ಟಿಗೆಹಾರ ದಾಟಿದ ಮೇಲೆ ರಸ್ತೆ ಬದಿಯ ಎಲ್ಲ ತಂತಿಗಳನ್ನೂ ನೋಡುತ್ತಾ ಹೋದೆ. ಎಷ್ಟು ತಂತಿ ಜೋತುಬಿದ್ದಿದೆ ಈ ಸೀಮೆಯಲ್ಲಿ!

ಸುಂದರಣ್ಣ ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಎಡಗೈಗೆ ಬಟ್ಟೆ ಸುತ್ತಿತ್ತು. ಎರಡು ಬೆರಳು ಇರಲಿಲ್ಲ. ನಾನು ಬೇರೆ ಕಡೆ ನೋಡಿದ್ದು ಅವರಿಗೆ ಕಂಡಿತು.

"ನೋಡಿ ಟೀಚರ್, ಪರವಾಗಿಲ್ಲ. ಬೀಡಿ ಹಿಡ್ಯಕ್ಕೆ ಎರಡು ಬೆರಳು ಉಳಿದಾವೆ."

"ಬೀಡಿ ಸೇದ್ಬಾರದು ಅಂದಿದಾರಲ್ಲ ಡಾಕ್ಟ್ರು," ಎಂದರು ಒಳಗಿನಿಂದ ಮಗಳು.

"ಹಿಡ್ಯೋದು ಅಂದೆ. ಸೇದೋದು ಅಂದ್ನಾ?"

ಕಾಫಿ ಬಂತು. ಅಕ್ಕನ ಮಾತು ಎತ್ತಲು ಇಬ್ಬರಿಗೂ ಧೈರ್ಯವಾಗದೆ, ಈ ವರ್ಷ ಮಳೆ ಇನ್ನೂ ಹಿಡಿದಿಲ್ಲ ಎಂಬುದನ್ನೇ ಎರಡು ಮೂರು ಸಲ ಹೇಳಿಕೊಂಡೆವು. ಕೊನೆಗೆ ಅವರೇ ಕೇಳಿದರು.

"ಆ ಪುಸ್ತಕ ಎಲ್ಲಿದೆ ಟೀಚರ್? ಅಕ್ಕ ಅವತ್ತು ಹೊರಗೆ ಹಾಕಿದ್ರಲ್ಲ, ಅದು."

ನಾನು ಕಾಫಿ ಲೋಟ ಕೆಳಗಿಟ್ಟೆ. "ನನ್ನ ಹತ್ರ ಇದೆ. ನಾಲ್ಕು ಸಲ ಓದ್ದೆ. ನಿಮ್ಗೆ ಹೆಂಗೆ ಗೊತ್ತು ಹೊರಗೆ ಹಾಕಿದ್ದು?"

"ನಾಲ್ಕು ಸಲ ಯಾಕೆ?"

"ಅದ್ರಲ್ಲಿ ಒಂದು ಸುಳ್ಳಿದೆ ಅಂದಿದ್ರು. ಯಾವ್ದು ಅಂತ ಹೇಳೋದ್ರೊಳಗೆ..."

ಸುಂದರಣ್ಣ ನನ್ನನ್ನೇ ನೋಡಿದರು. ಆಮೇಲೆ ನಕ್ಕರು. ಜೋರಾಗಿ ಅಲ್ಲ, ನಗಬಾರದು ಎಂದು ಗೊತ್ತಿದ್ದೂ ತಡೆಯಲಾಗದವರ ಹಾಗೆ.

"ಅಷ್ಟಕ್ಕೆ ನಾಲ್ಕು ಸಲ ಓದಿದ್ರಾ? ನನ್ನ ಕೇಳಿದ್ರೆ ಆಗ್ತಿತ್ತಲ್ಲ. ಬೆಳಿಗ್ಗೆ ಏಣಿ ಕಟ್ಟುವಾಗ ಎಲ್ಲ ನಂಗೆ ಹೇಳಿದ್ರು."

"ನಿಮ್ಗಾ?"

"ಯಾವಾಗ್ಲೂ ನಂಗೇ ಮೊದ್ಲು. ನಾನು ಹೂಂ ಹೂಂ ಅಂತಿದ್ದೆ. ನಂಗೆ ಹೇಳಿ ಹೇಳಿ ಸರಿ ಮಾಡ್ಕೊಂಡು ಆಮೇಲೆ ನಿಮ್ಗೆ ಹೇಳೋದು. ನೀವು ಓದ್ದೋರು, ಎದುರು ಮಾತಾಡ್ತೀರಿ ಅಂತ."

ಇಷ್ಟು ವರ್ಷ ಗೇಟಿನ ಹತ್ತಿರ ನಾನು ಕೇಳಿದ್ದೆಲ್ಲ ತಾಲೀಮು ಮುಗಿಸಿ ಬಂದ ಮಾತುಗಳು ಎಂದಾಯಿತು. ಅಕ್ಕ ನನಗೂ ಸ್ವಲ್ಪ ಹೆದರುತ್ತಿದ್ದರು ಎಂದು ಆ ಅಂಗಳದಲ್ಲಿ ಮೊದಲ ಸಲ ತಿಳಿಯಿತು.

"ಎಂತ ಹೇಳಿದ್ರು?" ಎಂದೆ.

"ಅದ್ರಲ್ಲಿ ಒಬ್ಳಿಗೆ ಗಂಡ ಸಾಯ್ತಾನಂತೆ, ಅವತ್ತು ರಾತ್ರಿ ಅವ್ಳಿಗೆ ನಿದ್ದೆ ಬರಲ್ಲ ಅಂತ ಬರ್ದಿದಾನಂತೆ. 'ಶುದ್ಧ ಸುಳ್ಳು ಸುಂದ್ರ' ಅಂದ್ರು. 'ಅಷ್ಟು ದಿನ ಎತ್ತಿ ಇಳ್ಸಿ ನೋಡ್ಕೊಂಡೋಳಿಗೆ ನಿದ್ದೆ ಬರಲ್ವ? ನಮ್ಮನೆಯವ್ರು ಹೋದ ರಾತ್ರಿ ನಾನು ಕೊರಡಿನ ಹಂಗೆ ಮಲ್ಗಿದ್ದೆ. ಬೆಳಿಗ್ಗೆ ಎದ್ದು, ಅಯ್ಯೋ ನಿದ್ದೆ ಬಂತಲ್ಲ ಅಂತ ನಾಚ್ಕೆ ಆಯ್ತು. ಯಾರಿಗೂ ಹೇಳ್ಲಿಲ್ಲ. ಆ ನಾಚ್ಕೆ ಬರೀಬೇಕಿತ್ತು, ಕಿಟಕಿ ಹತ್ರ ಕೂರ್ಸಿದಾನೆ' ಅಂದ್ರು."

ಅಷ್ಟು ಹೇಳಿ ಸುಂದರಣ್ಣ ಬಟ್ಟೆ ಸುತ್ತಿದ ಕೈಯನ್ನು ಇನ್ನೊಂದು ಕೈಯಿಂದ ಮೆಲ್ಲಗೆ ಸವರಿಕೊಂಡರು.

"ನಿಮ್ಗೆ ನಿದ್ದೆ ಬರುತ್ತಾ ಸುಂದರಣ್ಣ?"

"ಮಾತ್ರೆ ಕೊಟ್ಟಿದಾರೆ, ಬರುತ್ತೆ. ನಿಮ್ಗೆ?"

ನಾನು ಬಸ್ಸಿಗೆ ಹೊತ್ತಾಯಿತು ಎಂದೆ.

ಸಮಾಧಾನವಾಗಲಿಲ್ಲ. ಬಸ್ಸಿನಲ್ಲಿ ಕೂತಾಗ ಬಂದದ್ದು ಸಿಟ್ಟೇ. ಇಡೀ ಪುಸ್ತಕದಲ್ಲಿ ನಾನು ನಿಜ ಎಂದು ಉಳಿಸಿಕೊಂಡಿದ್ದ ಒಂದೇ ಅಧ್ಯಾಯ! ನನ್ನ ಪೆನ್ಸಿಲಿನ ಗೆರೆಯನ್ನು ಅಕ್ಕ ಸತ್ತ ಮೇಲೂ ಬಂದು ಅಳಿಸಿದ ಹಾಗಾಯಿತು. ನಿಮಗೆ ನಿದ್ದೆ ಬಂದಿರಬಹುದು, ನನಗೆ ಬಂದಿಲ್ಲವಲ್ಲ, ಅದೂ ಸುಳ್ಳೇ? ನೀವು ದಣಿದಿದ್ದಿರಿ. ನಾನು ಏನೂ ಮಾಡದೆ ದಾರಿಯಲ್ಲಿ ನಿಂತು ನೋಡಿದವಳು. ನಿಮ್ಮೊಬ್ಬರ ಮನೆಯಲ್ಲಿ ನಡೆದದ್ದೇ ಎಲ್ಲರ ಕಥೆ ಆಗಬೇಕೆ? ಇದೇ ನಿಮ್ಮ ಹಟ. ಒಬ್ಬೊಬ್ಬರ ದುಃಖ ಒಂದೊಂದು ಥರ ಎಂದು ಕಾದಂಬರಿ ಓದಿಯೂ ನಿಮಗೆ ಗೊತ್ತಾಗಲಿಲ್ಲವೆ? ಅಕ್ಕನ ಉತ್ತರವೂ ಕೇಳಿಸುತ್ತಿತ್ತು. "ಅದೆಲ್ಲ ಕ್ಲಾಸಲ್ಲಿ ಹೇಳು." ನಾನು ಬಿಡಲಿಲ್ಲ. ಮೂಡಿಗೆರೆಯಲ್ಲಿ ಬಸ್ ಬದಲಿಸಿ ಗೋಣಿಬೀಡಿನಲ್ಲಿ ಇಳಿಯುವವರೆಗೂ ವಾದ ಮಾಡುತ್ತಲೇ ಬಂದೆ. ಊಟ ಮಾಡುವಾಗ ಅಮ್ಮ ಏನೋ ಕೇಳಿದ್ದಕ್ಕೆ, "ಅಲ್ಲ, ಅದು ಹಂಗಲ್ಲ," ಎಂದು ಅಕ್ಕನಿಗೆ ಕೊಡಬೇಕಾದ ಉತ್ತರವನ್ನು ಅವಳಿಗೆ ಕೊಟ್ಟೆ.

ಹಾಸಿಗೆಯಲ್ಲಿ ಮಲಗಿಯೂ ಅದೇ. ಇನ್ನೊಂದು ಒಳ್ಳೆಯ ಪಾಯಿಂಟು ಹೊಳೆದಿತ್ತು, ಅದನ್ನು ಹೇಳಿದರೆ ಅಕ್ಕ ಸುಮ್ಮನಾಗಲೇಬೇಕಿತ್ತು. ಅದು ಏನೆಂದು ಈಗ ನೆನಪಿಲ್ಲ.

ಎಚ್ಚರವಾದಾಗ ಕಿಟಕಿಯಲ್ಲಿ ಬಿಸಿಲು. ಹೊರಗೆ ಅಮ್ಮ ಪಾತ್ರೆ ತೊಳೆಯುತ್ತಿದ್ದಳು. ಕಾಲೇಜಿನ ಬಸ್ಸು ಹೋಗಿಯಾಗಿತ್ತು. ನಡುವೆ ಒಮ್ಮೆಯೂ ಎದ್ದಿರಲಿಲ್ಲ, ಏಣಿ ಕಣ್ಣ ಮುಂದೆ ಬಂದಿರಲಿಲ್ಲ. ಎದುರಿನ ತೋಟದ ಕಡೆ ನೋಡಲಾರದೆ, ಮುಖ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋಗಿ ಸ್ವಲ್ಪ ಹೊತ್ತು ನಿಂತೆ. ಕಿವಿ ಬಿಸಿಯಾಗಿತ್ತು. ಅಕ್ಕ ಹೇಳಿದ ನಾಚಿಕೆ ಇದೇ ಇರಬೇಕು. ಆ ಪುಸ್ತಕದಲ್ಲಿ ಅದು ಎಲ್ಲಿಯೂ ಇಲ್ಲ.